ಮಲಾಕ್ಕಾದಲ್ಲಿ ಒಂದು ದಿನ

ಮಲಾಕ್ಕಾ ಜಲಸಂಧಿ ಎಂಬ ಹೆಸರನ್ನು ನೀವೂ ಶಾಲೆಯ ಭೂಗೋಳ ಪುಸ್ತಕದಲ್ಲಿ ಓದಿರಬಹುದು. ನಕ್ಷೆಯಲ್ಲಿ ಅದನ್ನು ಗುರುತಿಸಲಾಗದೆ ನಾನು ಒಂದು ಅಂಕ ಕಳೆದುಕೊಂಡದ್ದು ಇನ್ನೂ ನೆನಪಿದೆ. ಮಲೇಷ್ಯಾಕ್ಕೂ ಸುಮಾತ್ರಾಕ್ಕೂ ನಡುವೆ ಇರುವ ಆ ಕಿರಿದಾದ ಕಡಲಿನ ದಡದಲ್ಲಿ ಕುಳಿತು ಒಂದು ದಿನ ನೀನು ಮಗ್ರಿಬ್ ಅದಾನ್‌ಗೆ ಕಾಯುತ್ತೀ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮಲೇಷ್ಯಾದ ಗೊಂಬಾಕ್ ಎಂಬಲ್ಲಿರುವ ಅಂತಾರಾಷ್ಟ್ರೀಯ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ನಾನು ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ಕಾಲದ ಮಾತಿದು. 1983ರಲ್ಲಿ ಆರಂಭವಾದ ಈ ವಿದ್ಯಾಲಯದಲ್ಲಿ ಹಾಸ್ಟೆಲಿಗೆ ಹಾಸ್ಟೆಲ್ ಎನ್ನುವುದಿಲ್ಲ, 'ಮಹಲ್ಲ' ಎನ್ನುತ್ತಾರೆ. ಹುಡುಗಿಯರ ಮಹಲ್ಲಗಳಿಗೆ ಆಮಿನಾ, ಆಸಿಯಾ, ಸಫಿಯ್ಯಾ, ನುಸೈಬಾ ಎಂದೆಲ್ಲ ಹೆಸರು. 'ನೀನೆಲ್ಲಿ?' ಎಂದು ಫೋನ್ ಮಾಡಿದರೆ 'ಹಫ್ಸಾದಿಂದ ಸುಮಯ್ಯಾಕ್ಕೆ ಹೋಗುತ್ತಿದ್ದೇನೆ' ಎಂಬ ಉತ್ತರ ಬರುತ್ತದೆ. ಮೊದಮೊದಲು ನನಗೆ ಅದು ತಮಾಷೆಯಾಗಿ ಕೇಳುತ್ತಿತ್ತು.

ನಾವು ಮೂವರು ಗೆಳತಿಯರು. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಊರಿನ ಹೆಸರಿನಲ್ಲೇ ಕರೆಯುತ್ತೇನೆ. ಒಬ್ಬಳು ಇಂಡೋನೇಷ್ಯಾದ ಆಚೆಯವಳು. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ಇನ್ನೊಬ್ಬಳು ಸೂಡಾನಿನ ಖಾರ್ತೂಮಿನವಳು. ಇವಳೂ ಮೊದಲು ಮಾತುಗಾತಿಯೇ. ಆದರೆ 2023ರ ಏಪ್ರಿಲ್ 15ರಂದು ಅವಳ ಊರಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ರಮಝಾನಿನ ಕೊನೆಯ ದಿನಗಳವು. ಅವಳ ತಾಯಿ ಮತ್ತು ತಮ್ಮಂದಿರು ಮನೆಗೆ ಬೀಗ ಹಾಕಿ, ದಿನಗಟ್ಟಲೆ ಬಸ್ಸಿನಲ್ಲಿ ಪಯಣಿಸಿ ಈಜಿಪ್ಟಿನ ಗಡಿ ದಾಟಿದರು. ಕೈರೋದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಅಂದಿನಿಂದ ಇವಳು ತರಗತಿ, ಗ್ರಂಥಾಲಯ, ಕೋಣೆ, ಇಷ್ಟು ಬಿಟ್ಟರೆ ಬೇರೆಲ್ಲಿಗೂ ಬಂದವಳಲ್ಲ.

2024ರ ಜನವರಿಯ ಒಂದು ಶನಿವಾರ ಮಲಾಕ್ಕಾಕ್ಕೆ ಹೋಗಿಬರೋಣವೆಂದು ಆಚೆಯವಳು ಎತ್ತಿದಾಗ ಖಾರ್ತೂಮಿನವಳು ತಲೆ ಎತ್ತದೆ ಹೇಳಿದಳು: "ನನ್ನ ಉಮ್ಮ ಒಂದು ಕೋಣೆಯಲ್ಲಿ ಕೂತಿರುವಾಗ ನಾನು ಊರು ನೋಡಲು ಹೋಗುವುದಾ?"

ಇದಕ್ಕೆ ಏನು ಉತ್ತರ ಹೇಳುತ್ತೀರಿ? ನಮಗೆ ತೋಚಲಿಲ್ಲ. ಆಚೆಯವಳು ಮರುದಿನ ಮೂರು ಟಿಕೆಟ್ ತಂದು ಮೇಜಿನ ಮೇಲಿಟ್ಟಳು. "ನೀನು ಬರದಿದ್ದರೆ ಒಂದರ ಹಣ ಹಾಳು" ಎಂದಳು. ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ನಾಟುವ ಮಾತದು!

ನನ್ನ ಉಮ್ಮನ ಒಪ್ಪಿಗೆ ಪಡೆಯುವುದೂ ಸುಲಭವಿರಲಿಲ್ಲ. "ಮೂವರೂ ಹೆಣ್ಣುಮಕ್ಕಳಾ? ರಾತ್ರಿ ಎಲ್ಲಿ ಉಳಿಯುತ್ತೀರಿ? ಗೊತ್ತಿದ್ದವರು ಯಾರಿದ್ದಾರೆ ಅಲ್ಲಿ?" ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಉಪ್ಪ ಹಿಂದಿನಿಂದ ಏನೋ ಹೇಳುತ್ತಿದ್ದುದು ಕೇಳುತ್ತಿತ್ತು. ಕೊನೆಗೆ ಅದೇ ರಾತ್ರಿ ಮಹಲ್ಲಕ್ಕೆ ಮರಳಬೇಕೆಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಕೌಲಾಲಂಪುರದಿಂದ ಮಲಾಕ್ಕಾಕ್ಕೆ ಸುಮಾರು 150 ಕಿಲೋಮೀಟರ್. ರಸ್ತೆ ಎಷ್ಟು ನುಣುಪೆಂದರೆ ಎರಡು ಗಂಟೆಯೊಳಗೆ ತಲುಪಿಬಿಟ್ಟೆವು. ದಾರಿಯುದ್ದಕ್ಕೂ ತಾಳೆಎಣ್ಣೆಯ ತೋಟಗಳು, ಬೇರೇನೂ ಇಲ್ಲ. ಬಸ್ಸು ಹೊರಟಾಗಿನಿಂದ ಖಾರ್ತೂಮಿನವಳು ಕಿಟಕಿಗೆ ತಲೆಯಾನಿಸಿ ಕೂತವಳು ಮಾತಾಡಲಿಲ್ಲ. ಬಸ್ ಪ್ರಯಾಣ ಎಂದರೆ ಈಗ ಅವಳ ಮನೆಯವರಿಗೆ ಬೇರೆಯೇ ಅರ್ಥ ಎಂಬುದು ನನಗೆ ತಡವಾಗಿ ಹೊಳೆಯಿತು.

ಮಲಾಕ್ಕಾ ಎಂಬುದು ಒಂದು ಮರದ ಹೆಸರು, ನಮ್ಮ ನೆಲ್ಲಿಯ ಜಾತಿಯ ಮರ. ಸುಮಾರು 1400ರಲ್ಲಿ ಪರಮೇಶ್ವರ ಎಂಬ ರಾಜಕುಮಾರ ಊರು ಬಿಟ್ಟು ಓಡಿಬಂದು ಇಲ್ಲಿ ಒಂದು ಮರದಡಿಯಲ್ಲಿ ಕುಳಿತಿದ್ದನಂತೆ. ಅವನ ಬೇಟೆನಾಯಿಯನ್ನು ಪುಟ್ಟದೊಂದು ಕೂರಂಡಿ ಜಿಂಕೆ ಒದ್ದು ನೀರಿಗೆ ಬೀಳಿಸಿತು. ಇಷ್ಟು ಸಣ್ಣ ಪ್ರಾಣಿಗೂ ಧೈರ್ಯ ಬರುವ ಜಾಗ ಇದಾದರೆ ಇಲ್ಲೇ ನೆಲೆಸೋಣವೆಂದು ಅವನು ಕೂತಿದ್ದ ಮರದ ಹೆಸರನ್ನೇ ಊರಿಗಿಟ್ಟನೆಂದು ಕಥೆ. ಅವನ ವಂಶ ಮುಂದೆ ಇಸ್ಲಾಮ್ ಸ್ವೀಕರಿಸಿತು, ಮಲಾಕ್ಕಾ ದೊಡ್ಡ ಸುಲ್ತಾನರ ಬಂದರಾಯಿತು. ಗುಜರಾತಿಗಳು, ತಮಿಳರು, ಬಂಗಾಳಿಗಳು, ಜಾವಾದವರು, ಚೀನೀಯರು ಎಲ್ಲರೂ ಇಲ್ಲಿ ವ್ಯಾಪಾರಕ್ಕೆ ಸೇರುತ್ತಿದ್ದರು. ಒಂದೊಂದು ಕಡೆಯ ವರ್ತಕರನ್ನು ನೋಡಿಕೊಳ್ಳಲು ಒಬ್ಬೊಬ್ಬ 'ಶಾಹ್‌ಬಂದರ್' ಇದ್ದ, ಹೀಗೆ ನಾಲ್ವರು. ಈ ಬಂದರಿನಲ್ಲಿ 84 ಭಾಷೆಗಳು ಕೇಳಿಬರುತ್ತಿದ್ದವೆಂದು ತೊಮೆ ಪಿರೆಸ್ ಎಂಬ ಪೋರ್ಚುಗೀಸನು ಬರೆದಿಟ್ಟಿದ್ದಾನೆ.

ಊರಿನ ನಡುವಿನ ಚೌಕಕ್ಕೆ ಬಂದರೆ ಎಲ್ಲವೂ ಕೆಂಪು. 1650ರ ಸುಮಾರಿಗೆ ಡಚ್ಚರು ಕಟ್ಟಿದ ಆಡಳಿತ ಭವನ ಕೆಂಪು, 1753ರ ಚರ್ಚೂ ಕೆಂಪು. ಆದರೆ ನಿಮ್ಮ ಕಣ್ಣು ಮೊದಲು ಹೋಗುವುದು ಅಲ್ಲಿ ಸಾಲಾಗಿ ನಿಂತಿರುವ ಸೈಕಲ್ ರಿಕ್ಷಾಗಳ ಕಡೆಗೆ. ಪ್ಲಾಸ್ಟಿಕ್ ಹೂವು, ಬಣ್ಣದ ದೀಪ, ಮೇಲೊಂದು ಆಳೆತ್ತರದ ಬೆಕ್ಕಿನ ಗೊಂಬೆ, ಒಳಗಿನಿಂದ ಕಿವಿ ಕಿತ್ತುಹೋಗುವಂಥ ಹಾಡು! ನಮ್ಮ ಕಡೆಯ ಮದುವೆ ಕಾರನ್ನು ಹತ್ತು ಪಟ್ಟು ಅಲಂಕರಿಸಿದರೆ ಹೇಗಿರುತ್ತದೋ ಹಾಗೆ. ದರ ಕೇಳಿ ನಾವು ನಡೆದೇ ಹೋದೆವು. ನೀವು ಹೋದಾಗ ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಚೌಕದ ಹಿಂದೆ ಒಂದು ಚಿಕ್ಕ ಗುಡ್ಡ. ಮೇಲೆ ಛಾವಣಿಯಿಲ್ಲದ ಹಳೆಯ ಚರ್ಚ್, ಪೋರ್ಚುಗೀಸರು 1521ರಲ್ಲಿ ಆರಂಭಿಸಿದ್ದು. ಗೋವಾದಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹವನ್ನು ಅಲ್ಲಿಗೆ ಒಯ್ಯುವ ಮುನ್ನ 1553ರಲ್ಲಿ ಕೆಲವು ತಿಂಗಳು ಇಲ್ಲಿಯೇ ಹೂಳಲಾಗಿತ್ತು. ಗುಡ್ಡದ ಇನ್ನೊಂದು ಬದಿಗೆ ಇಳಿದರೆ ಒಂದು ಕಲ್ಲಿನ ಬಾಗಿಲು. ಬರೀ ಬಾಗಿಲು. ಆಚೆ ಈಚೆ ಗೋಡೆಯಿಲ್ಲ. 'ಆ ಫಾಮೋಸಾ' ಎಂಬ ದೊಡ್ಡ ಕೋಟೆಯಲ್ಲಿ ಇಂದು ಉಳಿದಿರುವ ಮುಖ್ಯ ಗುರುತು ಇದು.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕರಾವಳಿಯವರಿಗೆ ಇಲ್ಲಿ ಒಂದು ಹಳೆಯ ಪರಿಚಯ ಸಿಗುತ್ತದೆ. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಗೋವಾವನ್ನು ಕಿತ್ತುಕೊಂಡ ಅಲ್ಬುಕರ್ಕನೇ ಮರುವರ್ಷ, 1511ರಲ್ಲಿ, ಹಡಗು ಕಟ್ಟಿಕೊಂಡು ಮಲಾಕ್ಕಾಕ್ಕೆ ಬಂದ. ಊರನ್ನು ಗೆದ್ದು ಈ ಕೋಟೆ ಕಟ್ಟಿಸಿದ. ಅದಕ್ಕೆ ಹಳೆಯ ಅರಸರ ಗೋರಿಗಳ ಕಲ್ಲುಗಳನ್ನೂ ಬಳಸಿದ್ದೆಂದು ಪೋರ್ಚುಗೀಸರ ಬರಹಗಳಲ್ಲೇ ಇದೆ. 1641ರಲ್ಲಿ ಡಚ್ಚರು ಬಂದು ಕೋಟೆ ಹಿಡಿದರು, ಬಾಗಿಲಿನ ಮೇಲೆ ತಮ್ಮ ಕಂಪೆನಿಯ ಲಾಂಛನ ಕೆತ್ತಿದರು. ಅಲ್ಲಿ 1670 ಎಂಬ ಇಸವಿ ಈಗಲೂ ಕಾಣುತ್ತದೆ. ಆಮೇಲೆ ಇಂಗ್ಲಿಷರು ಬಂದು 1807ರಲ್ಲಿ ಮದ್ದು ಇಟ್ಟು ಕೋಟೆಯನ್ನೇ ಉಡಾಯಿಸಿದರು. ಈ ಬಾಗಿಲಾದರೂ ಉಳಿಯಲೆಂದು ತಡೆದವರು ಸಿಂಗಾಪುರ ಕಟ್ಟಿದ ರಾಫಲ್ಸ್ ಎನ್ನುತ್ತಾರೆ.

ಆಚೆಯವಳು ಬಾಗಿಲ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಮ್ಮ ಸುಲ್ತಾನರು ಇದನ್ನು ಹಿಡಿಯಲು ಎಷ್ಟು ಸಲ ಹಡಗು ಕಟ್ಟಿ ಬಂದರು ಗೊತ್ತಾ? 1629ರಲ್ಲಿ ಇಸ್ಕಂದರ್ ಮುದಾ ಕಳಿಸಿದ ದಂಡು ಪೂರ್ತಿ ಸೋತು ಹೋಯಿತು. ನಾನು ನೋಡು, ಬಸ್ಸಿನಲ್ಲಿ ಬಂದು ಒಳಗೆ ನಿಂತಿದ್ದೇನೆ" ಎಂದಳು. ಆ ಇಸ್ಕಂದರ್ ಮುದಾನ ಮಗಳು ಸಫಿಯತುದ್ದೀನ್ 1641ರಿಂದ 1675ರವರೆಗೆ ಆಚೆಯನ್ನು ಆಳಿದಳು ಎಂಬುದನ್ನೂ ಅವಳೇ ಹೇಳಿದ್ದು. ಅವಳ ನಂತರವೂ ಒಬ್ಬರ ಹಿಂದೆ ಒಬ್ಬರಂತೆ ಮೂವರು ಸ್ತ್ರೀಯರೇ ಸಿಂಹಾಸನದಲ್ಲಿದ್ದರು, 1699ರವರೆಗೆ! ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು ಹೇಳಿ? ನಾನೂ ಬಿಡಲಿಲ್ಲ. ಇದೇ ಪೋರ್ಚುಗೀಸರನ್ನು ನಮ್ಮ ಉಳ್ಳಾಲದಲ್ಲಿ ಎದುರಿಸಿದ ರಾಣಿ ಅಬ್ಬಕ್ಕನ ಕಥೆ ಹೇಳಿದೆ. ಮೊಗವೀರರೂ ಬ್ಯಾರಿಗಳೂ ಆಕೆಯ ಜೊತೆಗಿದ್ದರೆಂದು ನಮ್ಮ ಕಡೆ ಹೇಳುವ ಮಾತನ್ನೂ ಸೇರಿಸಿದೆ.

ಖಾರ್ತೂಮಿನವಳು ಬಾಗಿಲ ಕಲ್ಲನ್ನು ಕೈಯಿಂದ ಮುಟ್ಟುತ್ತಿದ್ದಳು. "ನಿಮಗೆ ಬೈಯಲು ಪೋರ್ಚುಗೀಸರಿದ್ದಾರೆ" ಎಂದಳು. "ನಮ್ಮ ಊರಿಗೆ ಈ ಸಲ ಹೊರಗಿನವರು ಯಾರೂ ಹಡಗಿನಲ್ಲಿ ಬರಲಿಲ್ಲ."

ನಾವಿಬ್ಬರೂ ಸುಮ್ಮನಾದೆವು. ಅವಳನ್ನು ಕರೆತಂದದ್ದೇ ತಪ್ಪಾಯಿತೇನೋ ಎಂದು ನನಗೆ ಆಗ ನಿಜವಾಗಿಯೂ ಅನ್ನಿಸಿತು.

ಇಂಥ ಹೊತ್ತಿನಲ್ಲಿ ಹೊಟ್ಟೆಗೆ ಏನಾದರೂ ಹಾಕುವುದೇ ಒಳ್ಳೆಯದು. ಮಲಾಕ್ಕಾದಲ್ಲಿ ಅನ್ನವನ್ನು ಉಂಡೆ ಕಟ್ಟಿ ಕೋಳಿಯೊಂದಿಗೆ ಬಡಿಸುವ ಚೀನೀ ಊಟ ಪ್ರಸಿದ್ಧ. ಎಲ್ಲ ಅಂಗಡಿಗಳಲ್ಲೂ ಅದು ಹಲಾಲ್ ಅಲ್ಲ, ಬಾಗಿಲಲ್ಲಿ ಹಲಾಲ್ ಗುರುತು ನೋಡಿಯೇ ಒಳಗೆ ಹೋಗಬೇಕು. ಆದರೆ ನಾನು ನಿಮಗೆ ಹೇಳಬೇಕೆಂದಿರುವುದು 'ಚೆಂಡೋಲ್' ಬಗ್ಗೆ. ಅಕ್ಕಿಹಿಟ್ಟಿಗೆ ಪಾಂಡನ್ ಎಲೆಯ ರಸ ಬೆರೆಸಿ ಮಾಡಿದ ಹಸಿರು ಶ್ಯಾವಿಗೆ, ಪುಡಿ ಮಾಡಿದ ಮಂಜುಗಡ್ಡೆ, ತೆಂಗಿನ ಹಾಲು, ಅದರ ಮೇಲೆ ಕರಗಿಸಿದ ಕಪ್ಪು ಬೆಲ್ಲ. ಅನ್ನಕ್ಕೆ ಬಾಸ್ಮತಿಯ ಪರಿಮಳ ಬರಲೆಂದು ನಮ್ಮಲ್ಲೂ ಕೆಲವರು ಹಿತ್ತಲಿನಲ್ಲಿ ನೆಡುತ್ತಾರಲ್ಲ, ಅದೇ ಎಲೆ. ಬೆಲ್ಲಕ್ಕೆ 'ಗುಲಾ ಮಲಾಕ್ಕಾ' ಎಂದೇ ಹೆಸರು. ತೆಂಗಿನ ಹೂಗೊಂಚಲಿನಿಂದ ಇಳಿಸಿದ ನೀರನ್ನು ಕಾಯಿಸಿ ಬಿದಿರ ಕೊಳವೆಯಲ್ಲಿ ಎರೆದು ಮಾಡುತ್ತಿದ್ದುದರಿಂದ ಉರುಳೆಯ ಆಕಾರ. ಬಾಯಿಗಿಟ್ಟ ಕೂಡಲೇ ನನಗೆ ನಮ್ಮೂರಿನ ಓಲೆಬೆಲ್ಲ ನೆನಪಾಯಿತು. ಸುಟ್ಟ ವಾಸನೆ ಸ್ವಲ್ಪ, ಉಪ್ಪು ಸ್ವಲ್ಪ. ಖಾರ್ತೂಮಿನವಳು ಎರಡು ಬಟ್ಟಲು ತಿಂದಳು! ಆಮೇಲೆ ಊರ ನಡುವೆ ಹರಿಯುವ ಮಲಾಕ್ಕಾ ನದಿಯ ಸೇತುವೆ ಮೇಲೆ ನಿಂತು ಬಗ್ಗಿ ನೋಡಿ, "ಇದಕ್ಕೂ ಇವರು ನದಿ ಎನ್ನುತ್ತಾರಾ?" ಎಂದಳು. ಬಿಳಿ ನೈಲ್, ನೀಲಿ ನೈಲ್ ಎರಡೂ ಸೇರುವ ಊರಿನವಳು, ಕೇಳಲಿ ಬಿಡಿ. ಅಂದು ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

ಸೇತುವೆ ದಾಟಿದರೆ ಹಳೆಯ ವರ್ತಕರ ಬೀದಿಗಳು. ಮುಂದೆ ಅಂಗಡಿ, ಹಿಂದೆ ಉದ್ದಕ್ಕೆ ಮನೆ. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಒಂದು ಬೀದಿಯಲ್ಲಿ ಕೆಲವೇ ಹೆಜ್ಜೆಗಳ ಅಂತರದಲ್ಲಿ ಮಲೇಷ್ಯಾದ ಬಹಳ ಹಳೆಯ ಚೀನೀ ಗುಡಿ, 1781ರ ವಿನಾಯಕ ದೇವಾಲಯ ಮತ್ತು ನಾವು ಹುಡುಕಿಕೊಂಡು ಬಂದಿದ್ದ ಕಂಪುಂಗ್ ಕ್ಲಿಂಗ್ ಮಸೀದಿ ಇವೆ. 'ಕ್ಲಿಂಗ್' ಎಂದರೆ ಭಾರತದವರು. ಕಳಿಂಗದಿಂದ ಬಂದ ಹೆಸರು ಎನ್ನುತ್ತಾರೆ. ಒಂದು ಕಾಲಕ್ಕೆ ಬರೀ ಊರು ಸೂಚಿಸುತ್ತಿದ್ದ ಈ ಪದ ಈಗ ಮಲೇಷ್ಯಾದಲ್ಲಿ ಬೈಗುಳ. ಅದನ್ನು ಯಾರ ಮೇಲೂ ಬಳಸಬೇಡ ಎಂದು ಆಚೆಯವಳು ನನಗೆ ಮೊದಲೇ ಎಚ್ಚರಿಸಿದ್ದಳು. ಬಳಸಿದರೆ ಅದು ನನಗೇ ತಾನೇ!

ಭಾರತದ ಮುಸ್ಲಿಮ್ ವರ್ತಕರು 1748ರಲ್ಲಿ ಈ ಮಸೀದಿಯನ್ನು ಮರದಿಂದ ಕಟ್ಟಿದರು. 1872ರಲ್ಲಿ ಇಟ್ಟಿಗೆಯಿಂದ ಮತ್ತೆ ಕಟ್ಟಲಾಯಿತು. ಗುಮ್ಮಟವಿಲ್ಲ. ಒಂದರ ಮೇಲೊಂದು ಮೂರು ಅಂತಸ್ತಿನ ಇಳಿಜಾರು ಮಾಡು. ಮಿನಾರವಂತೂ ಚೀನೀ ಗೋಪುರದ ಹಾಗಿದೆ. ಒಳಗೆ ಯುರೋಪಿನ ರೀತಿಯ ಕಂಬಗಳು, ತೂಗುದೀಪ, ನುಣುಪು ಹೆಂಚಿನ ಗೋಡೆ, ಕೆತ್ತನೆಯ ಮರದ ಮಿಂಬರ್. ಎಲ್ಲಿಂದೆಲ್ಲಿಯದನ್ನೋ ತಂದು ಸೇರಿಸಿದ್ದಾರೆ, ಆದರೆ ಯಾವುದೂ ಹೊರಗಿನದೆನಿಸುವುದಿಲ್ಲ. ಮಂಗಳೂರಿನ ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮಳೆ ಸುರಿಯುವ ಊರಿನವರು ಮಸೀದಿ ಕಟ್ಟಿದರೂ ಮೊದಲು ಮಾಡಿನ ಬಗ್ಗೆಯೇ ಯೋಚಿಸುತ್ತಾರೆ.

ನಮ್ಮೂರ ಮಸೀದಿಯ ಮೆಟ್ಟಿಲನ್ನು ನಾನು ಹತ್ತಿದವಳಲ್ಲ. ಕೆಲವು ಊರುಗಳಲ್ಲಿ ಈಗ ಹೆಂಗಸರಿಗೂ ಜಾಗವಿದೆ, ನಮ್ಮಲ್ಲಿಲ್ಲ. ಅದರ ಸರಿ ತಪ್ಪುಗಳನ್ನು ಬಲ್ಲವರು ಚರ್ಚಿಸಲಿ. ನನಗೆ ನೆನಪಾದದ್ದು ಉಮ್ಮ. ಬಟ್ಟೆ ತರಲು ಮಂಗಳೂರು ಪೇಟೆಗೆ ಹೋದರೂ ಝುಹರ್ ತಪ್ಪುತ್ತದೆ, ಅಸರ್ ತಪ್ಪುತ್ತದೆ ಎಂದು ಅರ್ಧ ಕೆಲಸ ಬಿಟ್ಟು ಬಸ್ಸಿಗೆ ಓಡುತ್ತಾರೆ. ಪೇಟೆಯಲ್ಲಿ ವುಝೂ ಮಾಡಲೊಂದು ನಲ್ಲಿ, ನಮಾಝ್ ಮಾಡಲೊಂದು ಮೂಲೆ ಹುಡುಕುವ ಕಷ್ಟ ನಿಮಗೂ ಗೊತ್ತಿದೆ. ಮಲೇಷ್ಯಾದಲ್ಲಿ ಬಸ್ ನಿಲ್ದಾಣ, ಅಂಗಡಿ ಸಂಕೀರ್ಣ, ಪೆಟ್ರೋಲ್ ಬಂಕ್, ಎಲ್ಲಿ ಹೋದರೂ ಹೆಂಗಸರಿಗೊಂದು ನಮಾಝಿನ ಕೋಣೆ ಇರುತ್ತದೆ. ಅಲ್ಲಿ 'ತೆಲೆಕುಂಗ್' ಎಂಬ ಬಿಳಿ ನಮಾಝ್ ಬಟ್ಟೆಗಳನ್ನು ತೂಗುಹಾಕಿರುತ್ತಾರೆ. ಯಾರು ಬೇಕಾದರೂ ತೊಟ್ಟು, ನಮಾಝ್ ಮುಗಿಸಿ, ಮತ್ತೆ ತೂಗುಹಾಕಿ ಹೋಗಬಹುದು. ಈ ಮಸೀದಿಯಲ್ಲೂ ಪರದೆಯ ಹಿಂದೆ ಅಂಥದೇ ಒಂದು ಸಾಲು ಇತ್ತು. ಮೂವರೂ ತೊಟ್ಟು, ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ನಮಾಝನ್ನು ಸಂಕ್ಷಿಪ್ತಗೊಳಿಸಿದೆವು.

ಸಲಾಮ್ ಹೇಳಿ ತಿರುಗಿ ನೋಡಿದರೆ ಖಾರ್ತೂಮಿನವಳು ಗೋಡೆಗೊರಗಿ ಕೂತಿದ್ದಾಳೆ. ದುಆ ಮಾಡುತ್ತಿದ್ದಾಳೆಂದುಕೊಂಡೆವು. ಹತ್ತು ನಿಮಿಷವಾದರೂ ಏಳಲಿಲ್ಲ. ಹತ್ತಿರ ಹೋದರೆ ನಿದ್ದೆ! ಬಾಯಿ ಸ್ವಲ್ಪ ತೆರೆದಿದೆ, ಕೈಯಲ್ಲಿ ಫೋನ್ ಹಾಗೇ ಇದೆ. ಆ ಫೋನಿನ ಕಾರಣಕ್ಕೇ ಅವಳು ಎಷ್ಟೋ ತಿಂಗಳಿಂದ ರಾತ್ರಿ ಸರಿಯಾಗಿ ಮಲಗುತ್ತಿರಲಿಲ್ಲ. ಕೈರೋಕ್ಕೂ ನಮಗೂ ಆರು ಗಂಟೆಯ ವ್ಯತ್ಯಾಸ. ಊರಿನ ಸುದ್ದಿ ಯಾವ ಹೊತ್ತಿನಲ್ಲಿ ಬರುತ್ತದೋ ಎಂದು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದಳು.

ಎಬ್ಬಿಸಲು ನಾನು ಕೈ ಚಾಚಿದೆ. ಅಲ್ಲೇ ಕುರ್‌ಆನ್ ಓದುತ್ತಿದ್ದ ಮಲಯ್ ಅಜ್ಜಿಯೊಬ್ಬರು ತುಟಿಯ ಮೇಲೆ ಬೆರಳಿಟ್ಟರು. ಎದ್ದು ಬಂದು ಒಂದು ತೆಲೆಕುಂಗನ್ನು ಮಡಚಿ ಅವಳ ತಲೆಯ ಹಿಂದಿಟ್ಟರು, ಇನ್ನೊಂದನ್ನು ಪಾದಗಳ ಮೇಲೆ ಹೊದಿಸಿದರು. ನಮ್ಮ ಕಡೆ ತಿರುಗಿ ಏನೋ ಕೇಳಿದರು. ಆಚೆಯವಳು ಪಿಸುಮಾತಿನಲ್ಲಿ ಸೂಡಾನ್ ಎಂದದ್ದು ಮಾತ್ರ ನನಗೆ ತಿಳಿಯಿತು. ಅಜ್ಜಿ ತಲೆಯಾಡಿಸಿ ಮತ್ತೆ ಓದತೊಡಗಿದರು, ಈ ಸಲ ಇನ್ನಷ್ಟು ಮೆಲ್ಲಗೆ. ನಾವು ಒಂದೂವರೆ ಗಂಟೆ ಅಲ್ಲೇ ಕೂತೆವು. ಮಲಾಕ್ಕಾದಲ್ಲಿ ನೋಡಬೇಕೆಂದು ಪಟ್ಟಿ ಮಾಡಿದ್ದ ಮೂರು ವಸ್ತುಸಂಗ್ರಹಾಲಯಗಳು ಹಾಗೇ ಉಳಿದವು. ಅವುಗಳ ಬಗ್ಗೆ ನಿಮಗೆ ಬೇರೆ ಯಾರಾದರೂ ಬರೆಯಬೇಕು.

ಎದ್ದವಳು ಗಡಿಯಾರ ನೋಡಿ ನಮ್ಮಿಬ್ಬರಿಗೂ ಬೈದಳು. ಅಜ್ಜಿ ಅಷ್ಟರಲ್ಲಿ ಹೋಗಿಯಾಗಿತ್ತು.

ಜೋಂಕರ್ ಬೀದಿಯಲ್ಲಿ ಸಂಜೆಯ ಸಂತೆಗೆ ಅಂಗಡಿ ಹೂಡುತ್ತಿದ್ದರು. ಒಂದು ಕಡೆ ಹಳೆಯ ಮಾದರಿಯ ಪಿಂಗಾಣಿ ಪಾತ್ರೆಗಳು. ಖಾರ್ತೂಮಿನವಳು ಗುಲಾಬಿ ಹೂವಿನ ಚಹಾ ಕೆಟಲನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಅವಳ ತಾಯಿಗೆ ಇಂಥವೆಂದರೆ ಪ್ರಾಣವಂತೆ. ಖಾರ್ತೂಮಿನ ಮನೆಯಲ್ಲಿ ಗಾಜಿನ ಕಪಾಟಿನ ತುಂಬ ಕೂಡಿಟ್ಟಿದ್ದರಂತೆ. ಅಂಗಡಿಯವನು ದರ ಇಳಿಸಿದ. ಇವಳು ಕೆಟಲನ್ನು ಮೆಲ್ಲಗೆ ಕೆಳಗಿಟ್ಟಳು. "ತೆಗೆದುಕೋ, ನಾವೂ ಸ್ವಲ್ಪ ಹಾಕುತ್ತೇವೆ" ಎಂದೆ. "ಹಣದ ಮಾತಲ್ಲ" ಎಂದಳು, "ಯಾವ ಕಪಾಟಿನಲ್ಲಿ ಇಡುತ್ತಾರೆ?"

ಮುಂದಿನ ಅಂಗಡಿ ಬೆಲ್ಲದ್ದು. ಗುಲಾ ಮಲಾಕ್ಕಾದ ಉರುಳೆಗಳನ್ನು ಕಟ್ಟಿ ಪೇರಿಸಿಟ್ಟಿದ್ದರು. ಅವಳು ಸ್ವಲ್ಪ ಹೊತ್ತು ನಿಂತು ನೋಡಿ ಎರಡು ಕಟ್ಟು ಕಟ್ಟಿಸಿಕೊಂಡಳು. "ಇದಾದರೆ ಮುಗಿದುಹೋಗುತ್ತದೆ" ಎಂದಳು.

ಆಮೇಲೆ ನಾವು ಹೋದದ್ದು ಜಲಸಂಧಿಯ ಮಸೀದಿಗೆ. ಕಡಲಿಗೆ ಮಣ್ಣು ತುಂಬಿ ಮಾಡಿದ ದ್ವೀಪದ ಅಂಚಿನಲ್ಲಿ ಕಂಬಗಳ ಮೇಲೆ ಕಟ್ಟಿ 2006ರಲ್ಲಿ ತೆರೆದ ಮಸೀದಿ ಇದು. ಉಬ್ಬರದ ವೇಳೆ ನೀರಿನ ಮೇಲೆ ತೇಲುವಂತೆ ಕಾಣುತ್ತದೆ. ನೋಡಲು ಬರುವ ಬೇರೆ ಧರ್ಮದವರಿಗೆ ಮೈಮುಚ್ಚುವ ನಿಲುವಂಗಿ ಕೊಡುತ್ತಾರೆ. ಪ್ರವಾಸಿಗಳೂ ನಮಾಝಿಗರೂ ಒಂದೇ ಜಗಲಿಯಲ್ಲಿ ಕುಳಿತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. ಎದುರಿಗೆ ಸಾಲುಸಾಲು ಸರಕು ಹಡಗುಗಳು. ಅದರಾಚೆ ಸುಮಾತ್ರಾ, ಕಣ್ಣಿಗೆ ಕಾಣುವುದಿಲ್ಲ. "ನಮ್ಮ ಮನೆ ಆ ಕಡೆ" ಎಂದು ಆಚೆಯವಳು ವಾಯವ್ಯಕ್ಕೆ ಕೈ ತೋರಿಸಿದಳು. ನಮ್ಮದು ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ, ಕಡಲು ದಾಟಿ. ಖಾರ್ತೂಮಿನವಳು ಕೈ ತೋರಿಸಲಿಲ್ಲ. ತಾಯಿಗೆ ವಿಡಿಯೋ ಕರೆ ಮಾಡಿ ಕಡಲಿನ ಕಡೆ ಫೋನ್ ಹಿಡಿದಳು. ಅಲ್ಲಿ ಇನ್ನೂ ಮಧ್ಯಾಹ್ನ. ಅವರು ಅರಬಿಯಲ್ಲಿ ಏನೇನೋ ಕೇಳುತ್ತಿದ್ದರು. ದಪ್ಪನೆಯ, ನಗುವ ದನಿ. ಮಗಳು ಊರು ಸುತ್ತಲು ಹೋದಳೆಂದು ಅವರಿಗೆ ಬೇಸರವಾದಂತೆ ನನಗೇನೂ ಕೇಳಿಸಲಿಲ್ಲ. ಫೋನಿನಲ್ಲಿ ನಮ್ಮಿಬ್ಬರ ಮುಖವನ್ನೂ ತೋರಿಸು ಎಂದರಂತೆ.

ಅದಾನ್ ಆಯಿತು. ಏಳು ಗಂಟೆಯ ನಮ್ಮ ಬಸ್ಸು ಆಗಲೇ ಹೊರಟುಹೋಗಿತ್ತು. ಮತ್ತೆ ಮೂರು ಟಿಕೆಟ್ ಕೊಂಡು, ಎಂಟೂವರೆಯ ಬಸ್ಸು ಹಿಡಿದು, ಮಹಲ್ಲ ಸೇರುವಾಗ ಹನ್ನೆರಡಾಗಿತ್ತು. ಊರಿನಲ್ಲಿ ಆಗ ಒಂಬತ್ತೂವರೆ, ಆದ್ದರಿಂದ ಉಮ್ಮನ ಬೈಗುಳ ಸ್ವಲ್ಪದರಲ್ಲೇ ಮುಗಿಯಿತು. ಆಮೇಲೆ ಆ ಮಸೀದಿಯ ಫೋಟೋಗಳನ್ನು ಕಳಿಸು ಎಂದರು. ಗುಮ್ಮಟದ್ದಲ್ಲ, ಸೂರ್ಯಾಸ್ತದ್ದಲ್ಲ. ಹೆಂಗಸರ ಭಾಗದಲ್ಲಿ ಬಿಳಿ ಬಟ್ಟೆಗಳನ್ನು ತೂಗುಹಾಕಿದ್ದಾರೆ ಎಂದೆಯಲ್ಲ, ಅದರದ್ದು.

ಖಾರ್ತೂಮಿನವಳ ಬೆಲ್ಲ ಮುಂದಿನ ತಿಂಗಳು ಕೈರೋಕ್ಕೆ ಹೋಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಪೆಟ್ಟಿಗೆಯಲ್ಲಿ ಹೋಯಿತು. ಅವಳ ತಾಯಿ ಅದನ್ನು ಚಹಾಕ್ಕೆ ಹಾಕಿದರಂತೆ. ಚಹಾ ಚೆನ್ನಾಗಿ ಆಗಲಿಲ್ಲವಂತೆ. ಆದರೂ ಅಕ್ಕಪಕ್ಕದ ಕೋಣೆಯವರಿಗೆಲ್ಲ ಒಂದೊಂದು ತುಂಡು ಕೊಟ್ಟು, "ಮಲೇಷ್ಯಾದಿಂದ ಮಗಳು ಕಳಿಸಿದ್ದು" ಎಂದರಂತೆ.